ಅಮೃತಾ ಕೂಗದೆ ಬಿಟ್ಟ ಹೆಸರು

"ಒಳಗ ಯಾರು ಉಳದಾರ? ಲಗೂನ ಹೇಳ್ರಿ!"

ಬೇವಿನ ಗಿಡದ ಕೆಳಗೆ ನಿಂತ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾಗ್ಯನಗರದ ಆ ಕೂದಲು ಕಾರ್ಖಾನೆಯಲ್ಲಿ ಸೈರನ್ ಬಾರಿಸಿದ್ದು ಅದೇ ಮೊದಲು. ಬೆಂಕಿ ಏನೂ ಬಿದ್ದಿರಲಿಲ್ಲ. ಬಿದ್ದರೆ ಹೇಗೆ ಹೊರಗೆ ಬರಬೇಕು ಅನ್ನುವ ತಾಲೀಮು, ಅಷ್ಟೇ. ಕಲಿಸಲು ಬಂದವನು ಗಾಳೇಶ. ಮುನಿರಾಬಾದಿನಲ್ಲಿ ಮನೆ. ಕಾರ್ಖಾನೆ, ಆಫೀಸು ಸುತ್ತಿ ಇದನ್ನು ಕಲಿಸುವುದೇ ಅವನ ನೌಕರಿ.

"ನಮ್ಮನಿಯವರು ಕಾಣವಲ್ರುರಿ," ಅಂದಳು ಮುದಕಮ್ಮ. ಕೂದಲ ಸಿಕ್ಕು ಬಿಡಿಸುವವರಲ್ಲಿ ಅವಳೇ ಹಿರಿಯಳು.

"ಹೆಸರು?"

ಮುದಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹೆಸರು ಹೇಳ್ರಿ ಅಮ್ಮಾ!"

"ಅವರರಿ... ನಮ್ಮ ಹುಡುಗನ ಅಪ್ಪ."

"ನಮ್ಮನಿಯವರೂ ಇಲ್ಲರಿ!" ಹಿಂದಿನಿಂದ ಶ್ವೇತಾ ಕೂಗಿದಳು.

"ಅಯ್ಯ, ಒಡಪು ಹಚ್ಚಿ ಹೇಳ್ಬೇ ಮುದಕವ್ವಾ, ಸರ್ ಕೇಳಾಕತ್ತಾರ!" ಯಾರೋ ಕಿಚಾಯಿಸಿದರು. ಗಿಡದ ಕೆಳಗೆ ನಗೆಯೋ ನಗೆ.

ಗಂಡನ ಹೆಸರನ್ನು ಲಗ್ನದಲ್ಲಿ ಒಂದು ಸಲ ಒಡಪಿನ ಪ್ರಾಸದೊಳಗೆ ಹೆಣೆದು ಹೇಳಿದರೆ ಮುಗಿಯಿತು. ಆಮೇಲೆ ಆ ಹೆಸರು ಊರಿಗೆಲ್ಲ ಸೇರಿದ್ದು, ಹೆಂಡತಿ ಒಬ್ಬಳನ್ನು ಬಿಟ್ಟು.

ಗಾಳೇಶನ ತಲೆ ಕೆಟ್ಟಿತು.

"ಬೆಂಕಿ ಆರಿಸಾಕ ಬಂದೋರು ನಿಮ್ಮ ಒಡಪು ಕೇಳ್ಕೋಂತ ನಿಂದ್ರಬೇಕೇನ್ರಿ? ಅಷ್ಟೊತ್ತಿಗೆ ನಿಮ್ಮನಿಯವರು ಬೂದಿ ಆಗಿರ್ತಾರ!"

ನಗೆ ನಿಂತಿತು. ಮುದಕಮ್ಮನ ಕಣ್ಣು ತುಂಬಿದವು.

"ಯಾಕ್ರಿ ಹಂಗ ಒದರ್ತೀರಿ?" ಗುಂಪಿನಿಂದ ಒಬ್ಬಳು ಮುಂದೆ ಬಂದಳು. "ನಿಮ್ಮ ಅವ್ವನ ವಯಸ್ಸಿನಾಕಿ ಅದಾಳ! ಅವರ ಹೆಸರು ವಿರುಪಣ್ಣ. ಬಣ್ಣದ ಕೋಣ್ಯಾಗ ಇರ್ತಾರ, ಕಿವಿ ಮಂದ, ಸೈರನ್ ಕೇಳಿರಂಗಿಲ್ಲ. ಶ್ವೇತಾನ ಗಂಡ ಆಂಜನೇಯ, ಚಾ ಕುಡಿಯಾಕ ಹೋಗ್ಯಾನ. ಮತ್ತೇನ್ ಬೇಕು ನಿಮಗ?"

ಅವಳು ಅಮೃತಾ. ಸಿದ್ಧವಾದ ಕೂದಲನ್ನು ಉದ್ದ ನೋಡಿ ಕಟ್ಟು ಕಟ್ಟುವವಳು.

ಗಾಳೇಶ ಅವಳನ್ನೇ ನೋಡಿದ.

"ನಿಮಗ ಲಗ್ನ ಆಗಿಲ್ಲೇನ್ರಿ?"

"ಏನಂದ್ರಿ?!"

"ಅಲ್ಲರಿ... ಎಲ್ಲಾರ ಹೆಸರೂ ನಿಮ್ಮ ಬಾಯಾಗ ಬರ್ತಾವ, ಅದಕ್ಕ ಕೇಳಿದೆ. ಬೆಂಕಿ ಬಿದ್ರ ಎಲ್ಲಾರ್ನೂ ಹೊರಗ ಕರಕೊಂಡು ಬರಾಕ ಈ ಕಾರ್ಖಾನಿಗೆ ಒಬ್ಬ ವಾರ್ಡನ್ ಬೇಕು. ನೀವ ಆಗ್ರಿ."

*ಎಂಥಾ ಒರಟ ಮನಷ್ಯಾನೋ ಯಪ್ಪಾ...* ಅಂದುಕೊಂಡಳು ಅಮೃತಾ. ಆದರೂ ಮಾಲೀಕ ಪರಮೇಶಣ್ಣ ಕಿತ್ತಳೆ ಜಾಕೀಟು ತಂದು ಕೈಗಿಟ್ಟಾಗ ಬೇಡ ಅನ್ನಲಿಲ್ಲ.

ಶನಿವಾರ ಶನಿವಾರ ಗಾಳೇಶ ಬಂದು ಕಲಿಸಿದ. ಮುಚ್ಚಿದ ಬಾಗಿಲನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಬೇಕು, ಬಿಸಿ ಇದ್ದರೆ ತೆರೆಯಬಾರದು. ಪಾಯಖಾನೆ ನೋಡದೆ ಹೊರಗೆ ಬರಬಾರದು. ಹೊರಗೆ ಬಂದ ಮೇಲೆ, ಯಾರೇ ಒಳಗಿರಲಿ, ತಿರುಗಿ ಹೋಗಬಾರದು.

"ಮತ್ತ ಹೆಸರ ಕೂಗಬೇಕು. ಅಣ್ಣಾರು, ಸರ್, ಸಾವಕಾರ್ರು ಇವ್ಯಾವೂ ನಡಿಯಂಗಿಲ್ಲ. ಹೊರಗಿನವರು ಬಂದಿದ್ರ ಅವರ ಹೆಸರೂ."

"ನಿಮ್ಮದೂ?"

"ನನ್ನದೂ. ನಾನೂ ಸುಡೋ ಮನಷ್ಯಾನ."

ಅಮೃತಾಗೆ ನಗು ಬಂತು. ತಡೆದುಕೊಂಡಳು.

ಅವನ ಮೇಲೆ ಸಿಟ್ಟು ಇಟ್ಟುಕೊಳ್ಳಬೇಕೆಂದು ಅವಳು ಅಂದುಕೊಂಡಿದ್ದಳು. ಆದರೆ ಅವನು ಮುದಕಮ್ಮನ ಹತ್ತಿರ ನೆಲಕ್ಕೆ ಕೂತು, "ತಪ್ಪಾತಬೇ ಯವ್ವಾ," ಅಂದು ಅವಳು ಕೊಟ್ಟ ರೊಟ್ಟಿ ತಿಂದ. ವಿರುಪಣ್ಣನಿಗೆ ಕೇಳದೆಂದು ಬಣ್ಣದ ಕೋಣೆಯಲ್ಲಿ ಕೆಂಪು ದೀಪ ಹಾಕಿಸಿದ. ಸಿಟ್ಟು ಎಷ್ಟು ದಿನ ನಿಂತೀತು?

ಒಂದು ದಿನ ಬೇವೂರಿನಿಂದ ಗಾಳೇಶನ ಸೋದರತ್ತೆ ಪಕ್ಕೀರವ್ವ ಅಮೃತಾಳ ಮನೆಗೆ ಬಂದಳು.

"ನಮ್ಮ ಹುಡುಗ ನಿಮ್ಮ ಹುಡುಗೀನ್ನ ಮೆಚ್ಯಾನರಿ. ಆದ್ರ ಆಕಿನ್ನ ಕೇಳದ ಮುಂದಿನ ಮಾತು ಬ್ಯಾಡ ಅಂದಾನ. ಒಲ್ಲೆ ಅಂದ್ರೂ ಬ್ಯಾಸರಿಲ್ಲಂತ."

ಅಡಿಗೆಮನೆಯಲ್ಲಿ ಚಾ ಸೋಸುತ್ತಿದ್ದ ಅಮೃತಾ ಬಾಗಿಲ ಸಂದಿಗೆ ಬಂದು ಕಿವಿ ಕೊಟ್ಟಳು.

ಪಕ್ಕೀರವ್ವ ಹೋದ ಮೇಲೆ ಅವ್ವ ಕೇಳಿದಳು, "ಏನಂತೀ?"

"ನಿನಗ ಹೆಂಗ ತಿಳಿತೈತಿ ಹಂಗ ಮಾಡಬೇ..." ಅಮೃತಾ ತಲೆ ಎತ್ತಲಿಲ್ಲ.

ಅಷ್ಟು ಸಾಕಾಗಿತ್ತು ಅವ್ವನಿಗೆ. ಆದರೆ ಅಮಾಸಿ ಎದುರಿಗಿತ್ತು. ಅದು ದಾಟಿದ ಮೇಲೆ ಒಪ್ಪಿಗೆ ಹೇಳಿ ಕಳಿಸಿದರಾಯಿತು ಅಂದಳು.

ಅಮೃತಾಳ ಮನಸ್ಸು ಅಮಾಸಿ ಕಾಯಲಿಲ್ಲ. ಮರುದಿನ ಶ್ವೇತಾ, "ಶನಿವಾರ ಯಾರ್ ಬರ್ತಾರ?" ಅಂದಾಗ ಅವಳ ಬಾಯಿಂದ ಬಂದದ್ದು, "ಅವರು..."

ಆ ಶನಿವಾರ ದೊಡ್ಡ ತಾಲೀಮು. ಸೈರನ್ ಆಯಿತು. ಅಮೃತಾ ಎಲ್ಲ ಕೋಣೆ ನೋಡಿ, ಎಲ್ಲರನ್ನೂ ಗಿಡದ ಕೆಳಗೆ ನಿಲ್ಲಿಸಿ ಹೆಸರು ಕೂಗಿದಳು. ಎಲ್ಲರೂ ಓಗೊಟ್ಟರು.

ಒಂದು ಹೆಸರು ಉಳಿಯಿತು. ಗಾಳೇಶ ಬೇಕಂತಲೇ ಒಳಗೆ ಉಳಿದಿದ್ದ. ಅವಳನ್ನು ಪರೀಕ್ಷೆ ಮಾಡಲಿಕ್ಕೆ. ಅದು ಅವಳಿಗೂ ತಿಳಿಯಿತು.

ಬಾಯಿ ತೆರೆದಳು... ನಾಲಿಗೆ ಏಳಲಿಲ್ಲ.

*ಹೆಂಗೂ ತಾಲೀಮ ಐತಿ. ತಾವ ಬರ್ತಾರ...*

"ಎಲ್ಲಾರೂ ಬಂದಾರ್ರಿ," ಅಂದುಬಿಟ್ಟಳು ಪರಮೇಶಣ್ಣನಿಗೆ.

ಗಾಳೇಶ ತಾನೇ ಹೊರಗೆ ಬಂದ. ದನಿ ಏರಿಸಲಿಲ್ಲ.

"ಎಲ್ಲಾರೂ ಬಂದ್ರೇನ್ರಿ? ಹಂಗಾರ ನಾನು ಸತ್ತೆ."

"ಅದು... ನಾನು..."

"ನನ್ನ ಹೆಸರು ಗೊತ್ತಿಲ್ಲೇನು?"

ಏನು ಹೇಳಬೇಕು ಅವಳು? ಯಾಕೆ ಕೂಗಲಿಲ್ಲ ಅನ್ನುವುದನ್ನು ಹೇಳಿದರೆ ಎಲ್ಲವನ್ನೂ ಹೇಳಿದಂತೆ. ಅಷ್ಟು ಜನರೆದುರಿಗೆ! ತಪ್ಪು ತನ್ನದೇ ಅನ್ನುವುದೂ ಗೊತ್ತಿತ್ತು. ನಿಜವಾದ ಬೆಂಕಿಯಾಗಿದ್ದರೆ ಅವಳ ನಾಚಿಕೆಗೆ ಒಂದು ಜೀವ ಹೋಗುತ್ತಿತ್ತು.

ಅವಳು ಕೂಗದೆ ಬಿಟ್ಟದ್ದನ್ನು ಗಾಳೇಶ ಬೇರೆಯಾಗಿ ತಿಳಿದ. *ಒಲ್ಲೆ ಅನ್ನಾಕ ಬಾಯಿ ಬರವಲ್ದು. ಹಿಂಗ ತೋರಿಸ್ಯಾಳ.* ಜಾಕೀಟು ಬಿಚ್ಚಿಸಿ, ಕೂದಲು ತೊಳೆಯುವ ಮೆಹಜಬೀನಳಿಗೆ ಕೊಟ್ಟ. ಅಂದೇ ಅತ್ತೆಗೆ ಫೋನು ಮಾಡಿ, "ಆ ಮಾತು ಬಿಡಬೇ, ಆಕಿಗೆ ಮನಸಿಲ್ಲ," ಅಂದ.

ಅಮಾಸಿ ಕಳೆದು ಅವ್ವ ಬೇವೂರಿಗೆ ಫೋನು ಮಾಡಿದಾಗ ಪಕ್ಕೀರವ್ವ ತಣ್ಣಗೆ, "ಹುಡುಗ ಬ್ಯಾಡ ಅಂದಾನರಿ," ಅಂದಳು. ಅವ್ವ ಫೋನು ಇಟ್ಟಳು. ಅಮೃತಾ ಅಳಲಿಲ್ಲ. ಕೆಲಸಕ್ಕೆ ಹೋದಳು, ಕೂದಲ ಕಟ್ಟು ಕಟ್ಟಿದಳು.

ಕೊನೆಯ ಸಲ ಕಟ್ಟಡ ನೋಡಿ ಹೋಗಲು ಗಾಳೇಶ ಬಂದ ದಿನ ಮೆಹಜಬೀನ ಶಾದಿಗೆಂದು ಗಂಗಾವತಿಗೆ ಹೋಗಿದ್ದಳು. ಅಂದೇ ಒಣಗಿಸುವ ಕೋಣೆಯಲ್ಲಿ ವಾಯರು ಸುಟ್ಟಿತು!

ಕೂದಲು ಹತ್ತಿದ ವಾಸನೆ ಮೂಗಿಗೆ ಬಡಿಯಿತು. ಸೈರನ್! ಈ ಸಲ ತಾಲೀಮಲ್ಲ.

ಜಾಕೀಟು ಇಲ್ಲದಿದ್ದರೂ ಅಮೃತಾಳ ಕಾಲು ತಾವೇ ನಡೆದವು. ಪಾಯಖಾನೆ ನೋಡಿದಳು. ವಿರುಪಣ್ಣನ ಕೈ ಹಿಡಿದು ಹೊರಗೆ ತಂದಳು. ಗಿಡದ ಕೆಳಗೆ ಹೆಸರು ಕೂಗಿದಳು. ಎಲ್ಲರೂ ಓಗೊಟ್ಟರು.

ಅವನು ಹಿಂದಿನ ಗೋದಾಮಿಗೆ ಹೋದದ್ದನ್ನು ನೋಡಿದ್ದಳು. ಬಂದದ್ದನ್ನು ನೋಡಲಿಲ್ಲ.

"ಗಾಳೇಶಾ!"

ಗಿಡದ ಕೆಳಗಿದ್ದವರೆಲ್ಲ ಅವಳ ಕಡೆ ತಿರುಗಿದರು.

"ಗಾಳೇಶಾ! ...ಅಣ್ಣಾರ, ಗಾಳೇಶ ಒಳಗ ಅದಾನ! ಹಿಂದಿನ ಗೋದಾಮದಾಗ! ಹಿತ್ತಲ ಕಿಟಕಿ ಒಡೀರಿ, ಬೆಂಕಿ ಇನ್ನಾ ಆ ಕಡೆ ಹೋಗಿಲ್ಲ!"

ಆಂಜನೇಯ ಹಾರೆ ಹಿಡಿದು ಹಿತ್ತಲಿಗೆ ಓಡಿದ. ಗಂಡಸರು ಹಿಂದೆ ಓಡಿದರು. ಅಮೃತಾ ಓಡಲಿಲ್ಲ. ಅವನೇ ಕಲಿಸಿದ್ದ. ಬೇವಿನ ಗಿಡವನ್ನು ತಬ್ಬಿ ನಿಂತು, ದನಿ ಒಡೆಯುವ ತನಕ ಅದೇ ಹೆಸರನ್ನು ಕೂಗಿದಳು.

ಒಳಗೆ ಕೂದಲ ಚೀಲಗಳು ಕುಸಿದು ಬಾಗಿಲಿಗೆ ಅಡ್ಡ ಬಿದ್ದಿದ್ದವು. ಹೊಗೆಯಲ್ಲಿ ದಿಕ್ಕು ತಪ್ಪಿದ್ದ ಗಾಳೇಶ, ಒಡೆದ ಕಿಟಕಿಯಿಂದ ತೂರಿ ಬಂದ ಅವಳ ದನಿಯ ಕಡೆ ತೆವಳಿಕೊಂಡು ಬಂದ. ಹಾರೆಯಿಂದ ಕಂಬಿ ಕಿತ್ತು ಅವನನ್ನು ಹೊರಗೆ ಎಳೆದುಕೊಂಡರು.

ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದರು. ಅಂಬ್ಯುಲೆನ್ಸ್ ಇನ್ನೂ ಬಂದಿರಲಿಲ್ಲ. ಗಿಡದ ಬುಡಕ್ಕೆ ಒರಗಿ ಕೂತ ಗಾಳೇಶನಿಗೆ ಮುದಕಮ್ಮ ಗಾಳಿ ಹಾಕುತ್ತಿದ್ದಳು. ಅಮೃತಾ ಬಂದಾಗ ಬೀಸಣಿಗೆಯನ್ನು ಅವಳ ಕೈಗೆ ಕೊಟ್ಟು ಎದ್ದು ಹೋದಳು.

"ಆವತ್ತ ಯಾಕ ಕೂಗಲಿಲ್ಲ?" ಕೆಮ್ಮಿನ ನಡುವೆ ಕೇಳಿದ.

"ನಿಮ್ಮ ಅತ್ತಿ ಬಂದು ಹೋಗಿದ್ರಲ್ಲರಿ..."

"ಹೌದು. ಅದಕ್ಕೇನೀಗ?"

ಅಮೃತಾ ಬೀಸಣಿಗೆ ನಿಲ್ಲಿಸಿದಳು. "ನಾನು ಹೂಂ ಅಂದಿದ್ದೆ. ಹೂಂ ಅಂದ ಮ್ಯಾಲೆ ಹೆಂಗ ಹೆಸರ ಹಿಡಿಯೂದು? ...ತಪ್ಪಾತು. ಭಾಳ ದೊಡ್ಡ ತಪ್ಪಾತು."

ಗಾಳೇಶ ಕಣ್ಣು ಒರೆಸಿಕೊಂಡ. ಹೊಗೆ ಅಂದ.

"ಮತ್ತ ಇವತ್ತ ಊರ ಮಂದಿ ಕೇಳೂವಂಗ ಕೂಗಿದಿ. ಈಗ ಒಲ್ಲೆ ಅಂದಂಗ ಆತೇನು?"

"ಅಲ್ಲರಿ!"

"ಹಂಗಾರ ಮನ್ಯಾಗೂ ಹಂಗ ಕರಿ. ಮನಿಗೂ ಒಂದಿನ ಬೆಂಕಿ ಬೀಳಬಹುದು."

"ಮಂದಿ ನಗ್ತಾರ."

"ನಗ್ಲಿ. ನನಗ ಈ ದನಿ ಬೇಕು, ಅಮೃತಾ."

ಅಂಬ್ಯುಲೆನ್ಸಿನ ಸದ್ದು ಕೇಳಿಸಿತು. ಅಮೃತಾ ಅವನ ತೋಳು ಹಿಡಿದು ಎಬ್ಬಿಸಿದಳು.

"ಏಳ್ರಿ," ಅಂದಳು. ಸುತ್ತಲೂ ಎಲ್ಲರೂ ನೋಡುತ್ತಿದ್ದರು. "ಏಳು, ಗಾಳೇಶ. ನಾನೂ ಬರ್ತೀನಿ."