ಕೆಳಗಿನ ಮನೆಯ ನಲ್ಲಿ

ಮುಖಕ್ಕೆಲ್ಲ ಸೋಪು ಹಚ್ಚಿಕೊಂಡ ಹೊತ್ತಿಗೇ ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಕಣ್ಣು ಉರಿಯುತ್ತಿತ್ತು. ಅವಳು ತಡಕಾಡಿ ನೈಟಿ ಎಳೆದುಕೊಂಡು ಬಚ್ಚಲಿನ ಸಣ್ಣ ಕಿಟಕಿ ತೆರೆದಳು. ಕೆಳಗಿನ ಮನೆಯ ಅಂಗಳದಲ್ಲಿ ಒಬ್ಬ ಗಂಡಸು, ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲವೆಂಬಂತೆ, ನಲ್ಲಿಯ ಕೆಳಗೆ ಬಕೆಟ್ ಇಟ್ಟುಕೊಂಡು ನಿಂತಿದ್ದ.

"ಕೆಳಗಿನ ಮನೆಯವರು ದಯವಿಟ್ಟು ಗಮನಿಸಿ! ತಮ್ಮ ನಲ್ಲಿಯನ್ನು ಕೂಡಲೇ ನಿಲ್ಲಿಸಬೇಕಾಗಿ ವಿನಂತಿ!"

ಹೇಳಿ ಮುಗಿಸಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅರ್ಧ ಆಯುಷ್ಯ ರೈಲು ನಿಲ್ದಾಣದ ಮೈಕಿನ ಮುಂದೆ ಕಳೆದವಳಿಗೆ ಸಿಟ್ಟು ಕೂಡ ಅದೇ ರಾಗದಲ್ಲಿ ಬರುತ್ತಿತ್ತು.

ಅವನು ತಲೆಯೆತ್ತಿದ. ಕಿಟಕಿಯಲ್ಲಿ ನೊರೆ ತುಂಬಿದ ಮುಖವೊಂದು ಕಂಡಿತು.

"ಯಾವ ಪ್ಲಾಟ್‌ಫಾರ್ಮಿಗೆ ಬರಬೇಕು ಮೇಡಂ?"

"ಎಲ್ಲಿಗೂ ಬರಬೇಡಿ! ನಲ್ಲಿ ನಿಲ್ಲಿಸಿ, ಸಾಕು!"

ಗುಡ್ಡದ ಆ ಎರಡು ಮನೆಗಳಿಗೆ ಒಂದೇ ಟ್ಯಾಂಕು, ಒಂದೇ ಪೈಪು. ಕೆಳಗಿನವರು ನಲ್ಲಿ ಬಿಟ್ಟರೆ ಮೇಲಿನವರಿಗೆ ಹನಿಯೂ ಇಲ್ಲ. ಅದಕ್ಕೇ ಮನೆಯೊಡತಿ ಬೀಗದ ಕೈ ಕೊಡುವಾಗ ಇಬ್ಬರಿಗೂ ಒಂದೇ ನಿಯಮ ಹೇಳಿದ್ದಳು: "ನಲ್ಲಿ ಬಿಡೋ ಮುಂಚೆ ಒಂದು ಕೂಗು ಹಾಕಿ." ಜೊತೆಗೆ, ಪ್ಲಂಬರನನ್ನು ಕಳಿಸಿ ಇನ್ನೊಂದು ಪೈಪು ಹಾಕಿಸುತ್ತೇನೆ ಎಂದೂ ಮಾತು ಕೊಟ್ಟಿದ್ದಳು.

ಬೇಸಿಗೆ ಮುಗಿಯುವವರೆಗೆ ಮಾತ್ರ ಆ ಮನೆ ಅವಳದು. ನಿಲ್ದಾಣದಲ್ಲಿ ಈಗ ಯಂತ್ರವೇ ರೈಲುಗಳನ್ನು ಕೂಗುತ್ತಿತ್ತು. ಕೆಲಸ ಹೋಯಿತು, ಕೆಲಸದ ಜೊತೆ ಕ್ವಾರ್ಟರ್ಸೂ ಹೋಯಿತು. ಅಮ್ಮ ಹಾಸಿಗೆ ಹಿಡಿದ ವರ್ಷಗಳಲ್ಲಿ ಮದುವೆಯ ಮಾತು ಎಲ್ಲೋ ಹಿಂದೆ ಉಳಿದುಬಿಟ್ಟಿತ್ತು. "ನಮ್ಮನೆ ಇರುವಾಗ ನಿನಗೇನು ಚಿಂತೆ ಪುಟ್ಟಿ? ಹಿಂದಿನ ರೂಮು ಖಾಲಿ ಇದೆ," ಎಂದಿದ್ದ ಅಣ್ಣ. ಅಣ್ಣ ಒಳ್ಳೆಯವನು, ಅತ್ತಿಗೆಯೂ ಕೆಟ್ಟವಳಲ್ಲ. ಆದರೂ ಆ ರೂಮಿಗೆ ಒಮ್ಮೆ ಹೊಕ್ಕರೆ ತಾನು ಎಲ್ಲರ ಕೆಲಸಕ್ಕೊದಗುವ ಕೈಯಾಗಿ, ಮಕ್ಕಳಿಗೆ ಅತ್ತೆಯಾಗಿ, ಬಂದವರಿಗೆ ಕಾಫಿ ತರುವ ಹೆಂಗಸಾಗಿ ಸದ್ದಿಲ್ಲದೆ ಮುಗಿದುಹೋಗುತ್ತೇನೆ ಎಂದು ಅವಳಿಗೆ ಗೊತ್ತಿತ್ತು. ಬೇಡ ಎನ್ನಲು ಕಾರಣವಿರಲಿಲ್ಲ. "ಈ ಬೇಸಿಗೆ ಒಂದು ನನಗೆ ಬಿಡಣ್ಣ, ಆಮೇಲೆ ಬರ್ತೀನಿ," ಎಂದಿದ್ದಳು.

ಮರುದಿನವೂ ಸೋಪು ಹಚ್ಚಿದ ಹೊತ್ತಿಗೇ ನೀರು ನಿಂತಿತು.

"ಒಂದು ಕೂಗು ಹಾಕೋಕೆ ಏನು ರೋಗ ನಿಮಗೆ?"

"ಮರೆತುಹೋಯ್ತು ಮೇಡಂ. ವಯಸ್ಸಾಯ್ತು ನೋಡಿ."

"ತಲೆಗೂದಲು ಇನ್ನೂ ಅರ್ಧ ಕಪ್ಪಗಿದೆ. ವಯಸ್ಸಿನ ಮೇಲೆ ಹಾಕಬೇಡಿ!"

"ಅಷ್ಟು ಸರಿಯಾಗಿ ನೋಡಿದ್ದೀರಾ?"

ಅವಳು ಕಿಟಕಿಯನ್ನು ದಡಕ್ಕನೆ ಮುಚ್ಚಿದಳು. ಆಮೇಲೆ ಅದರ ಹಿಂದೆ ನಿಂತು ಸದ್ದಾಗದ ಹಾಗೆ ನಕ್ಕಳು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವನು. ಬಟ್ಟೆ ಮುಚ್ಚಿದ ತಟ್ಟೆಯೊಳಗೆ ಬಿಸಿ ಬನ್ನು. "ದಂಡ," ಎಂದ. ಅವನದು ಪೇಟೆಯಲ್ಲಿ ಬೇಕರಿ. ಈಗ ಮಗಳು, ಅಳಿಯ ನೋಡಿಕೊಳ್ಳುತ್ತಿದ್ದರು. ಎದೆನೋವು ಬಂದು ಹೋದ ಮೇಲೆ ಮಗಳು ಒಲೆಯ ಹತ್ತಿರ ಸುಳಿಯಬೇಡ ಎಂದು ಅವನನ್ನು ಇಲ್ಲಿಗೆ ಅಟ್ಟಿದ್ದಳು. ಅವನು ಇಲ್ಲೊಂದು ಪುಟ್ಟ ಓವನ್ ತಂದಿಟ್ಟುಕೊಂಡಿದ್ದ.

"ಮಗಳಿಗೆ ಹೇಳಿಬಿಡ್ತೀನಿ," ಎಂದಳು ಅವಳು, ಬನ್ನಿನ ಮೊದಲ ತುತ್ತು ಬಾಯಲ್ಲಿ ಕರಗುತ್ತಿರುವಾಗಲೇ.

"ಮೈಕಲ್ಲಿ ಮಾತ್ರ ಹೇಳಬೇಡಿ." ಅವಳ ಮುಖವನ್ನೇ ನೋಡುತ್ತ, "ಹುಬ್ಬಿಗೆ ಇನ್ನೂ ನೊರೆ ಇದೆ," ಎಂದ.

ಅವಳು ಬಲಹುಬ್ಬು ಒರೆಸಿಕೊಂಡಳು. ಅವನು ಅಲ್ಲ ಎಂಬಂತೆ ತಲೆಯಾಡಿಸಿ, ತನ್ನದೇ ಎಡಹುಬ್ಬನ್ನು ಬೆರಳಿನಿಂದ ಮೆಲ್ಲಗೆ ಸವರಿ ತೋರಿಸಿದ. ಅವನು ಮುಟ್ಟಿಕೊಂಡದ್ದು ತನ್ನ ಹುಬ್ಬನ್ನು. ಝುಮ್ಮೆಂದದ್ದು ಅವಳಿಗೆ.

ಹೀಗೇ ದಿನಗಳು ಹೋದವು. ಬೆಳಿಗ್ಗೆ ನೀರು ನಿಲ್ಲುವುದು, ಅವಳು ಬೈಯುವುದು, ಬನ್ನೋ ರಸ್ಕೋ ಹತ್ತಿ ಬರುವುದು, ಜಗಲಿಯ ಮೆಟ್ಟಿಲ ಮೇಲೆ ಮಾತು. ಅವಳು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಜಡೆ ಬಿಡಿಸಿ ಮತ್ತೆ ಹೆಣೆದುಕೊಳ್ಳುತ್ತಿದ್ದಳು, ಕಣ್ಣಿಗೆ ಕಾಡಿಗೆಯನ್ನೂ ತೀಡುತ್ತಿದ್ದಳು. ಸ್ನಾನಕ್ಕೆ ಹೋಗುವ ಮುಂಚೆ ಸಿಂಗರಿಸಿಕೊಳ್ಳುವ ಹೆಂಗಸನ್ನು ಯಾರಾದರೂ ಕಂಡಿದ್ದಾರೆಯೇ ಎಂದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದಳು. ಪ್ಲಂಬರ್ ಬಂದಾಗ, ನೆಂಟರಿದ್ದಾರೆ, ನಾಳೆ ಬಾ ಎಂದಳು. ಮತ್ತೊಮ್ಮೆ ಬಂದಾಗ ತಲೆನೋವು ಎಂದಳು.

ಬೇಸಿಗೆ ಮುಗಿಯುತ್ತ ಬಂತು. ಅಣ್ಣ ಫೋನು ಮಾಡಿದ. "ಭಾನುವಾರ ವ್ಯಾನ್ ತರ್ತೀನಿ ಪುಟ್ಟಿ. ಸಾಮಾನು ಕಟ್ಟಿಡು."

ಅದನ್ನು ಅವನಿಗೆ ಹೇಳುವಾಗ ಅವಳ ದನಿ ನಿಲ್ದಾಣದ ದನಿಯಾಯಿತು, ಸ್ಪಷ್ಟವಾಗಿ, ಯಾರಿಗೂ ಸೇರದಂತೆ. "ಭಾನುವಾರ ಅಣ್ಣ ಬರ್ತಾರೆ. ನಾನು ಹೊರಡ್ತೀನಿ."

ಅವನು ಕೈಯಲ್ಲಿದ್ದ ರಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದ. "ಒಳ್ಳೇದು," ಎಂದ. "ನಮ್ಮೋರ ಜೊತೆ ಇರೋದು ಒಳ್ಳೇದು."

ಮರುದಿನ ಅವಳು ಮುಖಕ್ಕೆ ಸೋಪು ಹಚ್ಚಿ ಕಾದಳು. ನೀರು ನಿಲ್ಲಲಿಲ್ಲ. ಕೈಕಾಲಿಗೆ ಹಚ್ಚಿದಳು, ತಲೆಗೂ ಹಚ್ಚಿದಳು. ನೀರು ಧಾರಾಳವಾಗಿ ಸುರಿಯುತ್ತಲೇ ಇತ್ತು. ಇಡೀ ಬೇಸಿಗೆಯಲ್ಲಿ ಮೊದಲ ಬಾರಿ ಪೂರ್ತಿ ಸ್ನಾನವಾಯಿತು, ಅಳುವೂ ಬಂತು.

ಬಟ್ಟೆ ಸುತ್ತಿದ ತಲೆಯಲ್ಲೇ ಹೊರಗೆ ಬಂದರೆ ಎರಡು ಮನೆಗಳ ನಡುವಿನ ದಾರಿಯಲ್ಲಿ ಪ್ಲಂಬರ್ ಪೈಪು ಹೊತ್ತು ನಿಂತಿದ್ದ. ಮೈಯೆಲ್ಲ ಬೆವರು, ಮುಖದ ತುಂಬ ಸಿಟ್ಟು.

"ಇವತ್ತು ನೀವಿಬ್ಬರೂ ಇತ್ಯರ್ಥ ಮಾಡಿ!" ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದ. "ಈಯಮ್ಮ ನಾಳೆ ಬಾ ಅಂತಾರೆ. ಆ ಯಜಮಾನರು ಪೈಪೇ ಬೇಡ, ಟೀ ಕುಡಿದು ಹೋಗು ಅಂತಾರೆ. ಬೇಸಿಗೇಲಿ ನೀರು ಬೇಡ ಅನ್ನೋರನ್ನ ಇಲ್ಲೇ ಕಂಡಿದ್ದು ನಾನು! ಅವರ ಅಂಗಳಕ್ಕೆ ಹೋಗಿ ನೋಡಿ ಅಮ್ಮ, ಡ್ರಮ್ಮು ತುಂಬಿದೆ, ಬಕೆಟ್ಟೆಲ್ಲ ತುಂಬಿದೆ. ಆದ್ರೂ ದಿನಾ ಬೆಳಿಗ್ಗೆ ತುಂಬಿದ ಬಕೆಟ್ಟಿಗೇ ನೀರು ಬಿಡ್ತಾರೆ!"

ಅವಳು ಕೆಳಗೆ ನೋಡಿದಳು. ಅವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಿದ್ದ. ಕದ್ದು ಸಿಕ್ಕಿಬಿದ್ದವನ ಮುಖ.

"ನಿಮಗೆ ನೀರು ಬೇಕಾಗಿರಲಿಲ್ವಾ?"

"ಇಲ್ಲ. ಬೈಗುಳ ಬೇಕಿತ್ತು." ಅವನು ಮೆಲ್ಲಗೆ ಮೆಟ್ಟಿಲು ಹತ್ತಿ ಬಂದ. "ನನ್ನ ಹೆಂಡತಿ ತೀರಿಕೊಂಡ ಮೇಲೆ ನನ್ನನ್ನ ಯಾರೂ ಬೈದಿಲ್ಲ. ಮಗಳು ಪಾಪ ಅಪ್ಪ ಅಂತಾಳೆ, ಡಾಕ್ಟರು ಹುಷಾರು ಅಂತಾರೆ. ನೀವು ಆ ಕಿಟಕಿ ತೆಗೆದಾಗ ಮಾತ್ರ ನಾನಿನ್ನೂ ಗಟ್ಟಿಯಾಗಿದ್ದೀನಿ ಅನ್ನಿಸ್ತಿತ್ತು."

"ಮತ್ತೆ ಇವತ್ತು?"

"ಹೊರಟವರಿಗೆ ತೊಂದರೆ ಕೊಡಬಾರದು ಅಂತ."

"ನಾನು ಹೇಳಿದ್ದನ್ನೆಲ್ಲ ನಂಬಿಬಿಡ್ತೀರಾ? ನನ್ನ ಮಾತು ನಂಬಿ ಎಷ್ಟು ಜನ ತಪ್ಪು ಪ್ಲಾಟ್‌ಫಾರ್ಮಲ್ಲಿ ನಿಂತಿದ್ದಾರೋ!"

ಅವನು ನಗಲಿಲ್ಲ. "ಹಾಗಾದ್ರೆ ಹೋಗಬೇಡಿ. ನನ್ನ ಜೊತೆ ಇದ್ದುಬಿಡಿ. ಮದುವೆ ಮಾಡಿಕೊಂಡೇ ಇರೋಣ. ಎದೆ ಸ್ವಲ್ಪ ರಿಪೇರಿ ಆಗಿರೋದು, ಅದನ್ನ ಮೊದಲೇ ಹೇಳಿಬಿಡ್ತೀನಿ."

ಸಾವಿರ ಜನರ ಗದ್ದಲವನ್ನು ಮೀರಿ ಕೇಳುತ್ತಿದ್ದ ಅವಳ ದನಿ ಈಗ ಗುಬ್ಬಿಯ ದನಿಯಾಗಿತ್ತು. "ಹೂಂ," ಎಂದಳು.

"ಏನಂದ್ರಿ?"

"ಹೂಂ ಅಂದ್ರು," ಎಂದ ಪ್ಲಂಬರ್, ಪೈಪನ್ನು ಹೆಗಲಿಂದ ಹೆಗಲಿಗೆ ಬದಲಾಯಿಸುತ್ತ. "ನನಗೆ ಕೇಳಿಸ್ತು."

ಧೈರ್ಯ ಆರುವ ಮುಂಚೆ ಅವಳು ಅಲ್ಲೇ ನಿಂತು ಅಣ್ಣನಿಗೆ ಫೋನು ಮಾಡಿದಳು. ಒಂದೇ ಉಸಿರಿನಲ್ಲಿ ಹೇಳಿದಳು. ಅಣ್ಣ ಗಂಟಲು ಸರಿಪಡಿಸಿಕೊಂಡ. "ನಿನಗೆ ಇಷ್ಟ ತಾನೆ ಪುಟ್ಟಿ? ಯಾರೂ ಒತ್ತಾಯ ಮಾಡ್ತಿಲ್ವಲ್ಲ?"

"ಇಲ್ಲಣ್ಣ. ನನಗೇ ಇಷ್ಟ."

ಫೋನು ಅತ್ತಿಗೆಯ ಕೈಗೆ ಹೋಯಿತು. "ಬದುಕಿಸಿದೆ ಕಣೆ! ನಿಮ್ಮಣ್ಣ ಒಂದು ವಾರದಿಂದ ಸರಿಯಾಗಿ ಉಂಡಿಲ್ಲ. ಆ ರೂಮಲ್ಲಿ ನೀನು ಒಬ್ಬಳೇ ಕೂತು ಕೊರಗ್ತೀಯ ಅಂತ ಒಂದೇ ಚಿಂತೆ. ಬೇಕರಿಯೋರು ಅಂದೆಯಲ್ಲ, ನೋಡೋಕೆ ಹೇಗಿದ್ದಾರೆ?"

"ಅರ್ಧ ಕಪ್ಪು ಕೂದಲು ಇದೆ ಅತ್ತಿಗೆ."

"ಭಾನುವಾರ ಬಂದೇ ಬರ್ತೀವಿ. ಕರ್ಕೊಂಡು ಹೋಗೋಕಲ್ಲ, ಹುಡುಗನ್ನ ನೋಡೋಕೆ."

ಅವಳು ಫೋನು ಇಟ್ಟಳು. ಮೆಟ್ಟಿಲ ಮೇಲೆ ಕುಸಿದು ಕೂತಳು. ತಿಂಗಳುಗಳಿಂದ ಬಿಗಿಹಿಡಿದಿದ್ದ ಏನೋ ಒಂದು ಬೆನ್ನಿನಿಂದ, ಭುಜದಿಂದ ಇಳಿದು ಹೋಗುತ್ತಿತ್ತು. ಅವನು ಗಾಬರಿಯಿಂದ ಬಗ್ಗಿ ನೋಡಿದ.

"ಏನಾಯ್ತು? ನೀರು ತರಲಾ?"

ಅವಳು ತಲೆಯಾಡಿಸಿದಳು. ನಗುವೂ ಬರುತ್ತಿತ್ತು, ಕಣ್ಣೂ ತುಂಬಿತ್ತು.

"ತುಂಬ ಹಸಿವಾಗ್ತಿದೆ, ರೀ," ಎಂದಳು.

ಬನ್ನು ತರಲು ಕೆಳಗೆ ಹೊರಟವನು ಮೆಟ್ಟಿಲಲ್ಲಿ ಒಂದು ಗಳಿಗೆ ನಿಂತ. ತಿರುಗಿ ನೋಡಲಿಲ್ಲ. ಆದರೆ ಹಿಂದಿನಿಂದ ಅವನ ಕಿವಿಗಳು ಕೆಂಪಾಗಿದ್ದುದು ಅವಳಿಗೆ ಚೆನ್ನಾಗಿ ಕಂಡಿತು.