ಸಂಜೆಯ ಸುಬ್‌ಹಿ ಬಾಂಗ್

೨೦೧೪ರ ರಮ್ಝಾನ್ ತಿಂಗಳ ಒಂದು ಮಧ್ಯಾಹ್ನ ಅರಬ್ ನಾಡಿನ ಹಾಯಿಲ್ ಪಟ್ಟಣದ ಹೊರವಲಯದ ಪೊಲೀಸ್ ಠಾಣೆಗೆ ವಿಚಿತ್ರ ದೂರೊಂದು ಬಂತು. ದೂರುದಾರ ಉಮ್ಮರಬ್ಬ, ಬಂಟ್ವಾಳ ಕಡೆಯವರು, ದಿನಸಿ ಅಂಗಡಿ ನಡೆಸುವವರು. ಹೆದರಿಕೆಗೆ ಅವರ ಅರಬಿ ಕೈಕೊಟ್ಟಿತ್ತು. ಇನ್ಸ್‌ಪೆಕ್ಟರ್ ಸಾಲಿಮ್, ದುಭಾಷಿ ನಝೀಮನನ್ನು ಕರೆಸಿದರು.

"ಎಂತ ಕೇಳಿದ್ದು ಕಾಕ?" ನಝೀಮ್ ಕೇಳಿದ.

"ಬಾಂಗ್ ಮಾರಾಯ. ನನ್ನ ಅಂಗಡಿ ಹಿಂದೆ ಬೀಗ ಹಾಕಿದ ಗೋದಾಮು ಉಂಟಲ್ಲ, ಅದರೊಳಗಿಂದ. ದಿನಾ ಸಂಜೆ."

"ಸಂಜೆಯ ಮಗ್ರಿಬ್ ಬಾಂಗ್ ಇರ್ಬೇಕು."

"ಅಲ್ಲ. ನಿದ್ದೆಗಿಂತ ನಮಾಝ್ ಮೇಲು ಅಂತ ಕರೀತದೆ. ಆ ಮಾತು ಇರುದು ಬೆಳಗಿನ ಸುಬ್‌ಹಿಗೆ ಮಾತ್ರ. ಸೂರ್ಯ ಮುಳುಗುವಾಗ ಸುಬ್‌ಹಿ ಕರೆಯುದು ಮನುಷ್ಯನಾ?"

ಕಣ್ಣಿಗೆ ಕಾಣದ ಜಿನ್ನ್ ಮೇಲೆ ದೂರು ಬರೆದುಕೊಳ್ಳಲು ಠಾಣೆಯಲ್ಲಿ ಕಾಲಂ ಇರಲಿಲ್ಲ. ಸಾಲಿಮ್ 'ಅಪರಿಚಿತ ವ್ಯಕ್ತಿ' ಎಂದು ಬರೆದುಕೊಂಡರು.

ಅಂದು ಸಂಜೆ ಎಲ್ಲರೂ ಗೋದಾಮಿನ ಹಿಂದೆ ನಿಂತರು. ಒಂದು ಕಿಟಕಿಯೂ ಇಲ್ಲ. ಗಾಳಿಕೊಳವೆಯಿಂದ, ಹೊರಗಿನ ಸದ್ದು ಒಳಗೆ ಕೇಳಿಸದಷ್ಟು ಫ್ಯಾನಿನ ಮೊರೆತ, ಹಸಿ ಸೊಪ್ಪಿನ ಘಾಟು. ಸ್ವಲ್ಪ ಹೊತ್ತಿಗೆ ಅದೇ ಕೊಳವೆಯಿಂದ ಒಡಕು ದನಿಯೊಂದು ಎದ್ದಿತು. ನಿದ್ದೆಯ ಆ ಸಾಲು ಬಂದಾಗ ಕಾನ್‌ಸ್ಟೆಬಲ್ ಹಿಂದೆ ಸರಿದ.

"ಬೀಗ ಒಡೆಯಿರಿ," ಎಂದರು ಸಾಲಿಮ್.

ಒಳಗೆ ಹಗಲಾಗುತ್ತಿತ್ತು. ಸಾಲು ಸಾಲಾಗಿ ದೀಪಗಳು ಹತ್ತುತ್ತಿದ್ದವು, ಅವುಗಳ ಕೆಳಗೆ ಹೂಬಿಟ್ಟ ಗಾಂಜಾ ಗಿಡಗಳು. ನಡುವೆ ಚಾಪೆಯ ಮೇಲೆ ಬಿಳಿಚಿದ ಮನುಷ್ಯನೊಬ್ಬ ನಮಾಝಿಗೆ ನಿಂತಿದ್ದ. ಹೆಸರು ಅಬ್ದುಲ್ ಸಮದ್.

"ಈಗ ಯಾವ ಹೊತ್ತು?" ಸಾಲಿಮರ ಪ್ರಶ್ನೆಯನ್ನು ನಝೀಮ್ ದಾಟಿಸಿದ.

"ಬೆಳಗ್ಗೆ ಅಲ್ವಾ ಸರ್? ಮೊದಲ ಸಾಲು ಹತ್ತಿದ್ರೆ ಸುಬ್‌ಹಿ, ಎಲ್ಲ ಆರಿದ್ರೆ ಮಗ್ರಿಬ್."

ಮಹಜರು ಬರೆಯುತ್ತಿರುವಾಗಲೇ ಗೋದಾಮು ಬಾಡಿಗೆಗೆ ಹಿಡಿದಿದ್ದ ಇಲ್ಯಾಸ್ ಪಿಕಪ್‌ನಲ್ಲಿ ಬಂದು ಸಿಕ್ಕಿಬಿದ್ದ. ಸಮದನ ಅಕ್ಕನ ಗಂಡ.

"ಇವನ ಫೋನು, ವಾಚು ಎಲ್ಲಿ?" ಸಾಲಿಮ್ ಇಲ್ಯಾಸನನ್ನು ಕೇಳಿದರು.

"ನಾನೇ ತೆಗೆದಿಟ್ಟೆ. ಹೂ ಬಿಡುವಾಗ ಕತ್ತಲೆ ಪೂರ್ತಿ ಇರ್ಬೇಕು ಸರ್. ಮೊಬೈಲ್ ಬೆಳಕು ತಾಗಿದ್ರೂ ಕೆಡ್ತದೆ."

"ರಾತ್ರಿಯನ್ನು ಹಗಲು ಅಂದದ್ದು?"

"ಮಧ್ಯಾಹ್ನದ ಸೆಕೆಗೆ ದೀಪ ಹಾಕಿದ್ರೆ ಗಿಡ ಉಳಿಯುದಿಲ್ಲ, ಹಾಗಾಗಿ ರಾತ್ರಿ ಹಾಕುದು. ಇವನಿಗೆ ಇಲ್ಲಿ ಇರ್ಲಿಕ್ಕೆ ಇಕಾಮಾ ಪರವಾನಗಿ ಇಲ್ಲ, ಹೊರಗೆ ತಪಾಸಣೆ. ಹಗಲು ನೋಡ್ಬೇಕು ಅಂತ ಅಳ್ತಿದ್ದ. ಇದೇ ಹಗಲು ಅಂದೆ."

ತಾನು ದುಡಿಯುತ್ತಿದ್ದ ತರಕಾರಿ ತೋಟವನ್ನು ವೀಸಾ ಕೊಟ್ಟ ಕಫೀಲ್ ಮುಚ್ಚಿದ್ದ, ಸೋತು ಊರಿಗೆ ಮರಳುವ ಧೈರ್ಯ ತನಗಿರಲಿಲ್ಲ ಎಂದು ಇಲ್ಯಾಸ್ ಹೇಳಿಕೆ ಕೊಟ್ಟ. ಕೈಕೋಳ ಬಿತ್ತು.

ಆಗ ಪಟ್ಟಣದ ಮಸೀದಿಗಳಿಂದ ಮಗ್ರಿಬ್ ಬಾಂಗ್ ಕೇಳಿಸಿತು. ಉಮ್ಮರಬ್ಬ ಉಪವಾಸ ಬಿಡಲು ಎಲ್ಲರಿಗೂ ಖರ್ಜೂರ ಹಂಚಿ ಸಮದನ ಮುಂದೆಯೂ ಹಿಡಿದರು.

"ಬೇಡ ಕಾಕ, ಈಗಷ್ಟೇ ಉಪವಾಸ ಹಿಡಿದೆ," ಎಂದ ಸಮದ್. ಬಾಗಿಲಾಚೆ ಆಕಾಶ ಕಪ್ಪಾಗುತ್ತಿತ್ತು. ಅದನ್ನೇ ನೋಡುತ್ತಾ ನಿಂತವನು ಇಲ್ಯಾಸನ ಕಡೆ ತಿರುಗಿದ.

"ಬಾವ, ಹಾಗಾದ್ರೆ ರಮ್ಝಾನಿನ ಹಗಲೆಲ್ಲ ನಾನು ತಿನ್ನುತ್ತಾ ಇದ್ದೆನಾ?"