ಅಮ್ಮಿಯ ಪೂರ್ತಿ ಪ್ರಶ್ನೆ

ನಾನು ಆಣೆ ಮಾಡುವವನಲ್ಲ, ಆದದ್ದಷ್ಟೇ ಹೇಳುತ್ತೇನೆ. ನಮ್ಮ ಅಮ್ಮಿ ಅಖ್ತರಬೇಗಂ ಘತ್ತರಗಿಯ ಮನೆಯಿಂದ ವಾಟ್ಸಾಪಿನ ಆರೋಗ್ಯ ಗುಂಪಿನಲ್ಲಿ ಕೇಳಿದ್ದು ಇಷ್ಟೇ: "ದಮ್ಮ ಹತ್ತಾಕತ್ತದ್ರಿ, ಏನ್ ಮಾಡ್ಲಿ?"

ಅಫಜಲಪುರದ ಡಾಕ್ಟರ್ ಜಗದೇವ ಬರೆದ: "ವಯಸ್ಸೆಷ್ಟು, ಯಾವಾಗಿಂದ, ಏನೇನಾಗ್ತದ? ಪೂರ್ತಿ ಕೇಳಾಕ ಬರಂಗಿಲ್ಲಂದ್ರ ಸುಮ್ಕ ಕೂಡ್ರಿ."

ಗುಂಪೆಲ್ಲ ನಕ್ಕಿತು. ಸಂಜೆಗೆ ಅಮ್ಮಿ ತೀರಿಕೊಂಡಳು.

ಅವಳ ಫಾತಿಹಾ ಪ್ರಾರ್ಥನೆ ಮುಗಿದ ಮಧ್ಯಾಹ್ನ, ಬಂದ್ ಮಾಡಿದ ಅವಳ ಫೋನನ್ನು ಕಿಸೆಯಲ್ಲಿಟ್ಟುಕೊಂಡು, ಆ ಡಾಕ್ಟರನ ಕೊರಳಪಟ್ಟಿ ಹಿಡಿಯಲು ಹೋದೆ. ದವಾಖಾನೆಯ ಬಾಗಿಲಲ್ಲೇ ನಮ್ಮ ಮನೆಯಲ್ಲಿ ಫಾತಿಹಾಕ್ಕೆ ಹಾಕಿದ್ದ ಲೋಬಾನದ ಹೊಗೆಯ ವಾಸನೆ ಬಂತು. ಅಷ್ಟರಲ್ಲಿ ಅವನ ಮೊಬೈಲ್ ಸದ್ದು ಮಾಡಿತು. ಪರದೆಯ ಮೇಲೆ ಅಮ್ಮಿಯ ನಂಬರು.

ಅವನೇ ಜೋರಾಗಿ ಓದಿದ: "ಗಂಡಸ್ರಿ, ವಯಸ್ಸು ಐವತ್ತೆರಡು. ಈಗಷ್ಟ ಎಡಗೈ ತಣ್ಣಗಾಗ್ಯದ. ಉಗುರು ನೀಲಿ ಆಗ್ಯಾವ. ಬಾಯಾಗ ಮಣ್ಣಿನ ರುಚಿ ಬರಾಕತ್ತದ. ಏನ್ ಮಾಡ್ಲಿ?"

ಅವನು ತನ್ನ ಎಡಗೈ ಉಗುರು ನೋಡಿಕೊಂಡ. "ಯಾರಿಗಾಗ್ಯದಿದು?" ಎಂದ, ಮಣ್ಣು ಉಗುಳುವವನ ಹಾಗೆ.

"ಈ ಸಲ ಪೂರ್ತಿ ಕೇಳ್ಯಾಳಲ್ರಿ ಸಾಹೇಬ್ರ, ಜವಾಬ್ ಕೊಡ್ರಿ," ಎಂದೆ.

ಮೇಜಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಲಿಲ್ಲ. ನನ್ನ ಕಿಸೆಯಲ್ಲಿ ಅಮ್ಮಿಯ ಫೋನ್ ಬಿಸಿಯಾಗಿತ್ತು.

ಇವತ್ತಿಗೂ ಅದನ್ನು ಆನ್ ಮಾಡಿಲ್ಲ. ಅಂದು ನಕ್ಕವರೆಲ್ಲ ಗುಂಪಿನಲ್ಲಿ ಇನ್ನೂ ಇದ್ದಾರೆ. ಫೋನಿನ ಬಿಸಿಯೂ ಇನ್ನೂ ಆರಿಲ್ಲ.